ಹಲ್ಲು ಬಿದ್ದ ಸಂತೋಷಕ್ಕೊಂದು ಊಟ

ಹಲ್ಲು ಬಿತ್ತೆಂದು ಬೀದಿಗೆಲ್ಲ ಊಟ ಹಾಕಿಸಿದವರನ್ನು ನಾನು ಕಂಡಿರುವುದು ಒಬ್ಬರನ್ನೇ. ಮೊಮ್ಮಗುವಿನ ಹಾಲುಹಲ್ಲಲ್ಲ, ಅವರದೇ ದವಡೆಯ ಹಲ್ಲು. ಅದನ್ನು ಕಾಗದದ ಚೂರಿನಲ್ಲಿ ಸುತ್ತಿಟ್ಟುಕೊಂಡು ಮನೆಮನೆಯ ಬಾಗಿಲಲ್ಲೂ ನಿಂತು, "ನೋಡ್ರಮ್ಮಾ, ಡಾಕ್ಟ್ರತ್ರ ಹೋಗ್ದಲೆ, ಒಂದ್ ತೊಟ್ಟು ರಕ್ತ ಬರ್ದಲೆ, ಚಕ್ಕುಲಿ ಕಡೀವಾಗ ತಾನಾಗೇ ಬಂದ್ಬಿಡ್ತು! ಇದಕ್ಕೆ ದೇವ್ರಿಗೆ ಸ್ತೋತ್ರ ಹೇಳ್ದೆ ಇರಕ್ಕಾಗ್ತದಾ? ಮಧ್ಯಾಹ್ನ ಚರ್ಚಿನತ್ರ ಊಟ, ಎಲ್ರೂ ಬರ್ಬೇಕು" ಎಂದು ಕರೆದರು. ಹಲ್ಲು ಹೋದ ಜಾಗದಿಂದ ಗಾಳಿ ನುಸುಳಿ ಮಾತೆಲ್ಲ ಪುಸುಪುಸು ಎನ್ನುತ್ತಿತ್ತು. ನಾವು ನಕ್ಕು ನಕ್ಕು ಸುಸ್ತಾಗಿ, ಅದೇ ನಗುವಿನಲ್ಲಿ ತಟ್ಟೆ ಹಿಡಿದುಕೊಂಡು ಹೋದೆವು. ಮನೆಯಲ್ಲಿ ಒಲೆ ಹಚ್ಚಿಲ್ಲ ಎನ್ನುವುದನ್ನು ಯಾರೂ ಯಾರಿಗೂ ಹೇಳಬೇಕಾಗಿ ಬರಲಿಲ್ಲ.

ಹೋದ ತಿಂಗಳು ಅವರು ತೀರಿಕೊಂಡರು. ಮಣ್ಣು ಮಾಡಿ ಬಂದಾಗಿನಿಂದ ದೊಡ್ಡಬಳ್ಳಾಪುರದ ನಮ್ಮ ನೇಕಾರರ ಬೀದಿಯಲ್ಲಿ ಎಲ್ಲರ ಬಾಯಲ್ಲೂ ಅವರದೇ ಮಾತು. ಅಳಬೇಕೆಂದು ಸೆರಗು ಹಿಡಿದು ಕೂತವರೂ ಎರಡನೇ ಮಾತಿಗೆ ಕಿಸಕ್ಕನೆ ನಗುತ್ತಾರೆ. ಹಾಗಾಗಿ ನಾನೂ ನಗುತ್ತಲೇ ಬರೆಯುತ್ತೇನೆ, ನನಗೆ ಬೇರೆ ದಾರಿಯಿಲ್ಲ. ಹೆಸರು ಮಾತ್ರ ಬರೆಯುವುದಿಲ್ಲ. ಚರ್ಚಿನ ಹಿಂದಿನ ಅಡಿಗೆಮನೆಗೆ ಶೀಟು ಹೊದಿಸಿದಾಗ ಯಾರೋ ಅವರ ಹೆಸರಿನದೊಂದು ಕಲ್ಲು ಹಾಕಿಸೋಣ ಎಂದದ್ದಕ್ಕೆ ಸೌಟು ಎತ್ತಿಕೊಂಡೇ ಬಂದಿದ್ದರು. "ಹೆಸ್ರು ಹಾಕ್ಬಿಟ್ರೆ ಬಂದೋರು ಅದನ್ನ ಓದ್ಕೊಂಡು ಉಣ್ಬೇಕಾಗ್ತದೆ. ಆಮೇಲೆ ಗಂಟ್ಲಲ್ಲಿ ಇಳೀತದಾ?" ಎಂದು ಕೇಳಿದರು. ಕಲ್ಲಿನ ಮಾತು ಅಲ್ಲಿಗೇ ನಿಂತಿತು.

ನಾವು ಕರೆಯುತ್ತಿದ್ದದ್ದು ಸ್ತೋತ್ರಮ್ಮ ಎಂದು. ಚರ್ಚಿಗೆ ಹೋಗುವವರು ಒಬ್ಬರನ್ನೊಬ್ಬರು ಕಂಡಾಗ ಸ್ತೋತ್ರ ಎನ್ನುತ್ತಾರಲ್ಲ, ಅದನ್ನು ಅವರು ಕಂಡಕಂಡವರಿಗೆಲ್ಲ ಹಂಚುತ್ತಿದ್ದರು. ಪೊಲೀಸಿನವನಿಗೆ ಸ್ತೋತ್ರ, ಹಾಲಿನವನಿಗೆ ಸ್ತೋತ್ರ, ಹಾಲಿನವನು ಎಳೆದುಕೊಂಡು ಹೋಗುವ ಎಮ್ಮೆಗೂ ಸ್ತೋತ್ರ. ಮೂಲೆಯ ಬಟ್ಟೆ ಅಂಗಡಿಯ ಸಾಬರು ಗಲ್ಲಾದಿಂದಲೇ ಎದ್ದು ನಿಂತು "ಸಲಾಂ ಸ್ತೋತ್ರಮ್ಮಾ" ಎನ್ನುತ್ತಿದ್ದರು. ಸ್ತೋತ್ರಮ್ಮ ದಪ್ಪನೆಯ ಆಳು, ಮಳೆಯಿದ್ದರೂ ಇಲ್ಲದಿದ್ದರೂ ಕೈಯಲ್ಲಿ ಒಂದು ಕೊಡೆ, ಬಸ್ಸು ಹೊರಟುಬಿಟ್ಟಿತೇನೋ ಎನ್ನುವಂಥ ನಡಿಗೆ. ಹುಟ್ಟೂರು ಅನುಗೊಂಡನಹಳ್ಳಿಯ ಕಡೆ. ನಮ್ಮ ಬೀದಿಯ ಕೊನೆಯಲ್ಲಿರುವ ಪುಟ್ಟ ಚರ್ಚಿನಲ್ಲಿ ಅವರ ಗಂಡ ಪ್ರಾರ್ಥನೆ ನಡೆಸುವ ಉಪದೇಶಿಯಾಗಿದ್ದವರು. ಗಂಡ ತೀರಿಕೊಂಡ ಮೇಲೆ ಚರ್ಚಿನ ಸಭೆಯವರು ಚರ್ಚಿನ ಹಿಂದಿನ ಕೋಣೆಯನ್ನು ಇವರಿಗೇ ಬಿಟ್ಟಿದ್ದರು. ತಮ್ಮನ ಹೊಲದ ರಾಗಿ ಊರಿನಿಂದ ಬರುತ್ತಿತ್ತು. ಬಂದದ್ದು ಅವರ ಕೋಣೆಯಲ್ಲಿ ಉಳಿದದ್ದನ್ನು ನಾನು ನೋಡಿಲ್ಲ.

ಕೊರೊನಾ ಮುಗಿದರೂ ನಮ್ಮ ಮಗ್ಗಗಳು ಎದ್ದಿರಲಿಲ್ಲ. ನೇಯ್ದ ಸೀರೆ ಕೇಳುವವರಿಲ್ಲ, ನೂಲಿನ ಬೆಲೆ ಕೈಗೆಟುಕುವುದಿಲ್ಲ. ಹಗಲೂ ರಾತ್ರಿ ಖಟಖಟ ಎನ್ನುತ್ತಿದ್ದ ಬೀದಿ ಎಷ್ಟು ಸುಮ್ಮನಾಯಿತೆಂದರೆ ಪಕ್ಕದ ಮನೆಯವರು ಸಾರಿಗೆ ಒಗ್ಗರಣೆ ಹಾಕಿದರೋ ಇಲ್ಲವೋ ಎನ್ನುವುದು ಕೇಳಿಸುತ್ತಿತ್ತು. ಬರಬರುತ್ತಾ ಒಗ್ಗರಣೆಯ ಸದ್ದೂ ಕಡಿಮೆಯಾಯಿತು. ನನ್ನ ಯಜಮಾನರು ದೇವನಹಳ್ಳಿಯ ಏರ್‌ಪೋರ್ಟ್ ಕಡೆ ಸಾಮಾನು ಹೊರುವ ಕೆಲಸ ಹಿಡಿದು ಹೋದರು. ಮನೆಯಲ್ಲಿ ನಾನು, ನನ್ನ ಇಬ್ಬರು ಹೆಣ್ಣುಮಕ್ಕಳು, ಮಾವ. ನಮ್ಮವರು ಸೀರೆ ಮಾರಿ ಗೊತ್ತಿದ್ದವರೇ ಹೊರತು ಯಾರ ಮುಂದೆಯೂ ಕೈಚಾಚಿ ಗೊತ್ತಿದ್ದವರಲ್ಲ.

ಸ್ತೋತ್ರಮ್ಮನಿಗೆ ಇದು ಗೊತ್ತಿತ್ತು. ಅವರ ಸಭೆಯಲ್ಲಿ ಹಿಡಿ ಅಕ್ಕಿ ಎಂದೊಂದು ಪದ್ಧತಿ. ಪ್ರತಿ ಮನೆಯ ಹೆಂಗಸು ಅನ್ನಕ್ಕಿಡುವ ಮೊದಲು ಒಂದು ಹಿಡಿ ತೆಗೆದಿಟ್ಟು ಭಾನುವಾರ ಚರ್ಚಿಗೆ ತರಬೇಕು. ಆ ಅಕ್ಕಿಯನ್ನು ಬೀದಿಗೆ ಹಂಚೋಣ ಎಂದು ಸಭೆಯ ಹುಡುಗರು ಹೊರಟು, ಜನರನ್ನು ಸಾಲಾಗಿ ನಿಲ್ಲಿಸಿ ಮೊಬೈಲಿನಲ್ಲಿ ಫೋಟೋ ತೆಗೆಯಲು ತಯಾರಾದರು. ಸ್ತೋತ್ರಮ್ಮ ಕೊಡೆಯಿಂದ ಮೊಬೈಲನ್ನು ತಳ್ಳಿ, "ಯೇಸುಸ್ವಾಮಿ ಅಷ್ಟೊಂದ್ ಜನಕ್ಕೆ ಊಟ ಹಾಕುವಾಗ ಹುಲ್ಲಿನ ಮೇಲೆ ಕೂತ್ಕೊಳ್ಳಿ ಅಂದ ಕಣ್ರೋ. ಲೈನಲ್ಲಿ ನಿಂತ್ಕೊಳ್ಳಿ ಅಂದ್ನಾ? ಫೋಟೋ ತೆಗಿಸ್ಕೊಂಡ್ನಾ?" ಎಂದು ಬೈದರು. ಚಿಕ್ಕಂದಿನಲ್ಲಿ ಅವರಿದ್ದ ಹಾಸ್ಟೆಲಿನಲ್ಲಿ ದಾನ ಕೊಟ್ಟವರು ಬಂದ ದಿನ ಮಕ್ಕಳೆಲ್ಲ ಎದ್ದು ನಿಂತು ವಂದನೆ ಹೇಳಿದ ಮೇಲೇ ಊಟವಂತೆ. "ತಣ್ಣಗಾಗಿರೋ ಅನ್ನ ಇವತ್ತಿಗೂ ನಂಗೆ ಸೇರಲ್ಲ" ಎಂದು ಒಮ್ಮೆ ನನ್ನ ಬಳಿ ಹೇಳಿದ್ದರು. ಇಷ್ಟನ್ನು ಹೇಳುವಾಗ ಮಾತ್ರ ಅವರು ನಗಲಿಲ್ಲ.

ಆಮೇಲೆ ಶುರುವಾದದ್ದೇ ಸ್ತೋತ್ರದ ಊಟಗಳು. ಕಾಯಿಲೆ ವಾಸಿಯಾದರೆ, ಮನೆ ಕಟ್ಟಿದರೆ, ಮಗನಿಗೆ ಕೆಲಸ ಸಿಕ್ಕರೆ ದೇವರಿಗೆ ಕೃತಜ್ಞತೆ ಹೇಳಿ ನಾಲ್ಕು ಜನಕ್ಕೆ ಊಟ ಹಾಕುವುದು ಅವರಲ್ಲಿ ಇದ್ದದ್ದೇ. ಸ್ತೋತ್ರಮ್ಮ ಅದನ್ನು ದಿನವಹಿ ಮಾಡಿಬಿಟ್ಟರು. ಹಲ್ಲು ಬಿದ್ದದ್ದಕ್ಕೆ ಒಂದಾಯಿತು. ಕಳೆದುಹೋಗಿದ್ದ ಕೋಳಿ ತಾನೇ ನಡೆದುಕೊಂಡು ಬಂದದ್ದಕ್ಕೆ ಒಂದಾಯಿತು. ಆ ಕೋಳಿ ಮತ್ತೆ ಕಳೆದುಹೋದಾಗ, ಅಷ್ಟು ದಿನವಾದರೂ ಜೊತೆಗಿತ್ತಲ್ಲ ಎಂದು ಇನ್ನೊಂದು. ಬೀದಿಗೆ ಹುಚ್ಚು ಹಿಡಿಯಿತು. ಬೆಳಗಾದರೆ ಹೆಂಗಸರು, "ಸ್ತೋತ್ರಮ್ಮಾ, ನಮ್ಮನೆ ಮಿಕ್ಸಿ ಸರಿ ಹೋಯ್ತು!" "ಸ್ತೋತ್ರಮ್ಮಾ, ನಮ್ಮತ್ತೆ ಬರ್ತೀನಿ ಅಂದೋರು ಬರ್ಲಿಲ್ಲ!" ಎಂದು ಓಡಿ ಹೋಗಿ ಕಾರಣ ಒದಗಿಸುತ್ತಿದ್ದರು. ಅತ್ತೆ ಬಾರದ ದಿನದ ಊಟಕ್ಕೆ ಪಾಯಸವಿತ್ತು. ಯಾರೂ ದಾನದ ಅನ್ನ ತಿನ್ನುತ್ತಿರಲಿಲ್ಲ, ಯಾರದೋ ಸಂತೋಷಕ್ಕೆ ಹೋಗಿ ಬರುತ್ತಿದ್ದೆವು. ಅನ್ನ ಹಾಕಿ ಮತಾಂತರ ಮಾಡುತ್ತೀರಾ ಎಂದು ಕೇಳಲು ಒಂದಿನ ಇಬ್ಬರು ಬೈಕಿನಲ್ಲಿ ಬಂದರು. "ಮಾತಾಡಣ ಕೂತ್ಕೊಳಪ್ಪಾ, ಮೊದ್ಲು ಈ ಬಕೆಟ್ ಹಿಡ್ಕೋ, ಸಾರು ಆರೋಗ್ತಾ ಐತೆ" ಎಂದು ಒಬ್ಬನ ಕೈಗೆ ಬಕೆಟ್ಟು, ಸೌಟು ಎರಡನ್ನೂ ಕೊಟ್ಟರು. ಅವನು ಕೊನೆಯ ಪಂಕ್ತಿಯವರೆಗೆ ಬಡಿಸಿ, ತಾನೂ ಉಂಡು, ಕೇಳಬೇಕಾದದ್ದನ್ನು ಮರೆತು ಹೋದ.

ಇಷ್ಟೆಲ್ಲ ನಗುವಿನ ನಡುವೆ ನಮ್ಮ ಮನೆಯಲ್ಲಿ ಒಂದು ಜೀವ ಸವೆಯುತ್ತಿತ್ತು. ನಮ್ಮ ಮಾವ ಸೋಮವಾರ ಒಪ್ಪೊತ್ತು ಮಾಡುವವರು, ಅಂದರೆ ದಿನಕ್ಕೆ ಒಂದೇ ಊಟ. ಮಗ್ಗ ನಿಂತ ಮೇಲೆ ಸೋಮವಾರದ ಜೊತೆ ಶನಿವಾರ ಸೇರಿತು, ಹನುಮಂತನಿಗೆ. ಮಂಗಳವಾರ ಘಾಟಿ ಸುಬ್ಬಪ್ಪನಿಗೆ, ಶುಕ್ರವಾರ ಚೌಡೇಶ್ವರಿಗೆ, ಗುರುವಾರ ರಾಯರಿಗೆ, ಭಾನುವಾರ ಸೂರ್ಯನಿಗೆ. ಬುಧವಾರಕ್ಕೆ ಯಾವ ದೇವರೂ ಸಿಗದೆ ಸ್ವಲ್ಪ ದಿನ ಒದ್ದಾಡಿ, ಕೊನೆಗೆ ಗಣಪತಿಯನ್ನು ಹಿಡಿದು ತಂದರು. "ಗಣಪ್ಪ ಉಪವಾಸದ ದೇವ್ರಾ ಮಾವ? ಅವನ ಹೊಟ್ಟೆ ನೋಡಿ" ಎಂದೆ. "ಅವನು ತಿಂತಾನೆ, ನಾವು ಬಿಡ್ಬೇಕು" ಎಂದು ಗೋಡೆ ಕಡೆ ತಿರುಗಿದರು. ಆ ಒಂದು ಊಟವೂ ಕರಗುತ್ತಾ ಬಂದು ಒಂದು ಲೋಟ ಅಂಬಲಿಗೆ ನಿಂತಿತ್ತು. ಉಳಿದದ್ದು ಮೊಮ್ಮಕ್ಕಳ ತಟ್ಟೆಗೆ ಹೋಗುತ್ತಿತ್ತು. ಅಂಗಿ ಅವರ ಮೈಮೇಲೆ ಗೂಟಕ್ಕೆ ನೇತು ಹಾಕಿದಂತೆ ಕಾಣುತ್ತಿತ್ತು. ಮಕ್ಕಳನ್ನೂ ನನ್ನನ್ನೂ ಸ್ತೋತ್ರದ ಊಟಕ್ಕೆ ಕಳಿಸುತ್ತಿದ್ದರು, ತಾವು ಮಾತ್ರ ಜಗಲಿ ಬಿಟ್ಟು ಕದಲುತ್ತಿರಲಿಲ್ಲ. ಈ ಮನುಷ್ಯ ಉಳಿಯುವುದಿಲ್ಲ ಎಂದು ನನಗೆ ಭಯವಾಗುತ್ತಿತ್ತು. ಆದರೆ ಸೊಸೆಯಾಗಿ ಏನೆಂದು ಕೇಳಲಿ? ಹಸಿವಾಗಿದೆಯಾ ಎಂದು ಕೇಳಿದರೆ ಅವರಿಗೆ ಉಳಿದಿದ್ದ ಅದೊಂದು ಮರ್ಯಾದೆಯನ್ನೂ ನಾನೇ ಕಿತ್ತುಕೊಂಡಂತೆ.

ಸ್ತೋತ್ರಮ್ಮನಿಗೆ ವಿಷಯ ತಿಳಿದದ್ದು ನನ್ನ ಚಿಕ್ಕ ಮಗಳಿಂದ. ತಾತನಿಗೆ ದಿನಾ ಒಪ್ಪೊತ್ತು ಎಂದು ಅವಳು ಪಂಕ್ತಿಯಲ್ಲಿ ಹೆಮ್ಮೆಯಿಂದ ಹೇಳಿಕೊಂಡಿದ್ದಳು. ಊಟವಾದ ಮೇಲೆ ನನ್ನನ್ನು ಪಕ್ಕಕ್ಕೆ ಕರೆದರು. "ಏಳು ದಿನಾನೂ ಒಪ್ಪೊತ್ತು ಯಾವ ದೇವ್ರೂ ಕೇಳಲ್ಲ ಕಣಮ್ಮಾ. ಅದನ್ನ ಕೇಳೋದು ಅಕ್ಕಿ ಡಬ್ಬ" ಎಂದರು. ನಾನು ಅತ್ತುಬಿಟ್ಟೆ. "ಅಳ್ಬೇಡ, ನಾನ್ ನೋಡ್ಕೊಳ್ತೀನಿ, ಆ ಯಪ್ಪನ್ನ ಉಣ್ಸೇ ಉಣ್ಸ್ತೀನಿ" ಎಂದು ಕೊಡೆ ನೆಲಕ್ಕೆ ಕುಟ್ಟಿದರು.

ಮೊದಲ ದಾಳಿ ಬುಧವಾರ ನಡೆಯಿತು. ಬುಧವಾರ ಯಾವ ದೇವರ ವಾರವೆಂದು ಕೇಳಿ ಮಾವನನ್ನು ಸಿಕ್ಕಿಸಲು ಬಂದವರು ಗಣಪತಿಯ ಸುದ್ದಿ ಕೇಳಿ ತಲೆಯ ಮೇಲೆ ಕೈಹೊತ್ತು ಕೂತರು. ಮುಂದಿನ ಸಲ ಮಾವನ ಹೆಸರಿನಲ್ಲೇ ಊಟ ಇಟ್ಟುಬಿಟ್ಟರು. "ನಿಮ್ಮ ಕೆಮ್ಮು ವಾಸಿ ಆಯ್ತಲ್ಲಣ್ಣಾ, ಅದಕ್ಕೇ ಇವತ್ತಿನ ಸ್ತೋತ್ರ. ನೀವೇ ಇಲ್ದೆ ಹೆಂಗೆ?"

ಮಾವ ಒಂದು ಕ್ಷಣ ಯೋಚಿಸಿದರು. ಆಮೇಲೆ ಎದೆ ಹಿಡಿದುಕೊಂಡು ಬೀದಿಗೆಲ್ಲ ಕೇಳಿಸುವಂತೆ ಕೆಮ್ಮತೊಡಗಿದರು. "ಎಲ್ಲಮ್ಮಾ ವಾಸಿಯಾಗೈತೆ? ಖೊಹ್ ಖೊಹ್... ನೋಡು."

ಸಾಬರು ಅಂಗಡಿಯ ಮೆಟ್ಟಿಲ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕರು. ಸ್ತೋತ್ರಮ್ಮ ನಗಲಿಲ್ಲ. ಕಣ್ಣು ಕಿರಿದು ಮಾಡಿ ಮಾವನನ್ನು ನೋಡಿ, "ಆಗ್ಲಿ. ನೀವು ಉಪವಾಸ ಮಾಡೋರಾದ್ರೆ ನಾವೇನು ಮಾಡಕ್ಕಾಗ್ದೋರಾ? ನಾಳೆಯಿಂದ ನಂದೂ ಉಪವಾಸ ಪ್ರಾರ್ಥನೆ. ನೀವು ಬಿಡೋಗಂಟ ನಾನೂ ಬಿಡಲ್ಲ" ಎಂದರು.

ಸ್ತೋತ್ರಮ್ಮ ಉಪವಾಸವೆಂದರೆ ಬೀದಿ ನಂಬಲಿಲ್ಲ. ಊಟದ ವಿಷಯದಲ್ಲಿ ಅವರು ಅಂಥ ಭಕ್ತೆ. ಆದರೆ ಮರುದಿನ ಬೆಳಿಗ್ಗೆ ನಮ್ಮ ಜಗಲಿಗೆ ನೇರ ಎದುರು, ಚರ್ಚಿನ ಮೆಟ್ಟಿಲ ಮೇಲೆ ಚಾಪೆ ಹಾಸಿ, ಕೊಡೆ ಬಿಚ್ಚಿ ಕೂತೇಬಿಟ್ಟರು. ಕೆಲಸವಿಲ್ಲದ ಮಗ್ಗದವರಿಗೆ ಇನ್ನೇನು ಬೇಕು? ಅರ್ಧ ಜನ ನಮ್ಮ ಜಗಲಿಯ ಕಡೆ, ಅರ್ಧ ಜನ ಮೆಟ್ಟಿಲ ಕಡೆ. ಸಾಬರು ಸ್ಟೂಲು ತಂದು ರಸ್ತೆಯ ನಟ್ಟನಡುವೆ ಹಾಕಿಕೊಂಡರು, ಎರಡು ಪಕ್ಷಕ್ಕೂ ಬೇಸರವಾಗಬಾರದು ಎಂದು. ಚರ್ಚಿನ ಪಾಸ್ಟ್ರು ಆಗತಾನೇ ಓದು ಮುಗಿಸಿ ಬಂದಿದ್ದ ತರುಣ. ಬಿಳಿ ಅಂಗಿ ಸರಿಮಾಡಿಕೊಳ್ಳುತ್ತಾ ಓಡಿ ಬಂದರು.

"ಅಮ್ಮಾ, ಉಪವಾಸ ಗುಟ್ಟಾಗಿ ಮಾಡ್ಬೇಕು. ಹೀಗೆ ಬೀದೀಲಿ ಪ್ರದರ್ಶನ ಮಾಡಿದ್ರೆ ದೇವರು ಮೆಚ್ಚಲ್ಲ."

"ದೇವ್ರಿಗೆ ಗುಟ್ಟಾಗಿದ್ರೂ ಕಾಣ್ತದೆ ಪಾಸ್ಟ್ರೇ. ಆ ಯಪ್ಪಂಗೆ ಕಾಣ್ಬೇಕಲ್ಲ?"

ಪಾಸ್ಟ್ರು ವಾಪಸು ಹೋಗಲಿಲ್ಲ. ಅವರೂ ಒಂದು ಮೂಲೆಯಲ್ಲಿ ನಿಂತುಕೊಂಡರು.

ಅವರೆಕಾಯಿ ಕಾಲ ಅದು. ತಾವು ಉಪವಾಸವಿದ್ದರೂ ಬೀದಿಯ ಊಟ ನಿಲ್ಲಿಸುವಂತಿಲ್ಲ ಎಂದು ಬೆಳಿಗ್ಗೆಯೇ ಹಿತಕಿದ ಬೇಳೆಯ ಸಾರು ಮಾಡಿಟ್ಟು ಬಂದು ಕೂತಿದ್ದರು. ಘಮಘಮ ವಾಸನೆ ಬೀದಿಯನ್ನೆಲ್ಲ ಹಿಡಿದಿತ್ತು. ಕೂತಲ್ಲಿಂದಲೇ ಸ್ತೋತ್ರಮ್ಮ ಕೂಗುತ್ತಿದ್ದರು. "ಅಣ್ಣಾ, ಸೊಗಡು ಬರ್ತೈತಾ ಆ ಕಡೆ? ಹೊಲದಿಂದ ಹಂಗೇ ಕಿತ್ಕೊಂಡು ಬಂದಿದ್ದು. ತೆಂಗಿನಕಾಯಿ ರುಬ್ಬಿ ಹಾಕಿವ್ನಿ. ಮುದ್ದೆ ಮಧ್ಯೆ ಗುಳಿ ಮಾಡಿ, ಅದಕ್ಕೆ ಸಾರು ಬಿಟ್ರೆ..." ಇಷ್ಟು ಹೇಳಿ ತಾವೇ ಗುಟುಕ್ಕೆಂದು ಬಾಯಿನೀರು ನುಂಗುತ್ತಿದ್ದರು. ಎರಡೂ ಪಕ್ಷದವರು ಅವರ ಜೊತೆಗೇ ನುಂಗುತ್ತಿದ್ದೆವು. ಮಾವ ಕಣ್ಣುಮುಚ್ಚಿ ಜಪ ಮಾಡುವವರಂತೆ ಕೂತಿದ್ದರು, ಆದರೆ ಅವರ ಮೂಗಿನ ಹೊಳ್ಳೆ ಅರಳುವುದನ್ನು ನಾನು ನೋಡಿದೆ. ಆ ದಿನ ಯಾರೂ ಸೋಲಲಿಲ್ಲ.

ಮರುದಿನವೂ ಹಾಗೇ ಶುರುವಾಯಿತು. ಅದೇ ಚಾಪೆ, ಅದೇ ಕೊಡೆ, ಚರ್ಚಿನ ಹಿತ್ತಲಿನಲ್ಲಿ ಅದೇ ಸಾರು. ಮಧ್ಯಾಹ್ನದ ಹೊತ್ತಿಗೆ ಮಾತ್ರ ಏನೋ ಬದಲಾಯಿತು. ಮಾವ ಕಣ್ಣು ಬಿಟ್ಟರು.

"ಆಯಮ್ಮ ಯಾಕೆ ಸುಮ್ನಾದ್ಳು?" ಎಂದು ನನ್ನನ್ನು ಕೇಳಿದರು.

ನಾನು ಎದುರಿಗೆ ನೋಡಿದೆ. ಸ್ತೋತ್ರಮ್ಮ ಕಂಬಕ್ಕೆ ಒರಗಿದ್ದರು. ಕೊಡೆ ಕೈಜಾರಿ ಮೆಟ್ಟಿಲ ಕೆಳಗೆ ಉರುಳಿತ್ತು. "ಅವ್ರಿಗೆ ಸಕ್ಕರೆ ಕಾಯಿಲೆ ಐತೆ ಮಾವ. ಹೊತ್ತಿಗೆ ಸರಿಯಾಗಿ ತಿನ್ಲೇಬೇಕು. ನಾನೂ ಹೇಳ್ದೆ, ಪಾಸ್ಟ್ರೂ ಹೇಳಿದ್ರು, ಕೇಳ್ತಾ ಇಲ್ಲ" ಎಂದೆ. ನನ್ನ ನಗುವೆಲ್ಲ ಇಳಿದುಹೋಗಿತ್ತು. ಒಬ್ಬರನ್ನು ಉಳಿಸಲು ಹೋಗಿ ಇಬ್ಬರನ್ನೂ ಕಳೆದುಕೊಳ್ಳುತ್ತೇನೆ ಅನ್ನಿಸಿತು.

ಮಾವ ಗೋಡೆ ಹಿಡಿದುಕೊಂಡು ಎದ್ದರು. ಬೀದಿ ದಾಟಿದರು. ಸಾಬರು ಸ್ಟೂಲು ಸರಿಸಿ ದಾರಿ ಬಿಟ್ಟರು. ಮೆಟ್ಟಿಲ ಮುಂದೆ ನಿಂತು ಮಾವ ಗದರಿದರು. "ಏಳಮ್ಮಾ ಮೇಲೆ! ನನ್ ಮನೆ ಎದ್ರಿಗೆ ಒಬ್ಬ ಹೆಣ್ಣುಮಗಳು ಹಸ್ಕೊಂಡು ಕೂತಿದ್ರೆ ನಾನು ಮನುಷ್ಯ ಅನ್ಸ್ಕೊಳ್ತೀನಾ? ಬಾ, ನಮ್ಮನೇಲಿ ಊಟ ಮಾಡು."

ಸ್ತೋತ್ರಮ್ಮ ಒಂದೇ ಕಣ್ಣು ತೆರೆದರು. "ನೀವು ಜೊತೇಲಿ ಕೂತ್ರೆ ಬರ್ತೀನಿ."

"ಮನೆಗೆ ಬಂದೋರನ್ನ ಒಬ್ರನ್ನೇ ಉಣ್ಣಕ್ಕೆ ಬಿಡೋ ವಂಶ ಅಲ್ಲ ನಮ್ದು. ಕೂತ್ಕೊಳ್ತೀನಿ. ಏಳು." ಹೇಳಿ ನನ್ನ ಕಡೆ ತಿರುಗಿದರು. "ಊಟಕ್ಕಿಡಮ್ಮಾ."

ಬೀದಿ ಚಪ್ಪಾಳೆ ಹೊಡೆಯಿತು. ಆದರೆ ನಾನು ಏನನ್ನು ಇಡಲಿ? ಮನೆಯಲ್ಲಿದ್ದದ್ದು ಅಂಬಲಿಗಾಗುವಷ್ಟು ಹಿಟ್ಟು, ಒಂದು ಈರುಳ್ಳಿ. ಅಡಿಗೆಮನೆಗೆ ಓಡಿದವಳು ಅಲ್ಲಿ ನಿಲ್ಲದೆ ಹಿತ್ತಲಿಗೆ ಓಡಿದೆ, ಹಿಂದಿನ ಓಣಿ ಹಿಡಿದು, ಬೀದಿಯ ತುದಿಯನ್ನು ಬಳಸಿ, ಚರ್ಚಿನ ಕಾಂಪೌಂಡಿನ ಹಿಂಗೋಡೆಯವರೆಗೆ. ಗೋಡೆಯಾಚೆ ಅಡಿಗೆ ಚಪ್ಪರದಲ್ಲಿ ಪಾಸ್ಟ್ರು ಕಕ್ಕಾಬಿಕ್ಕಿಯಾಗಿ ನಿಂತಿದ್ದರು. ನಾನು ಬಾಯಿ ಬಿಡುವ ಮುಂಚೆಯೇ ಅವರಿಗೆ ಎಲ್ಲ ಅರ್ಥವಾಗಿತ್ತು. ಮುದ್ದೆಗಳನ್ನು ತಟ್ಟೆಗೆ ಹಾಕಿ ಗೋಡೆ ದಾಟಿಸಿದರು, ಆಮೇಲೆ ಸಾರಿನ ಪಾತ್ರೆ ಎತ್ತಿದರು. ಪಾತ್ರೆ ಗೋಡೆಯ ಮೇಲಕ್ಕೆ ಬಂದಾಗ ಅವರ ಆತ್ಮಸಾಕ್ಷಿ ಎಚ್ಚರವಾಯಿತು.

"ಅಕ್ಕಾ, ಇದು ಸುಳ್ಳಾಗಲ್ವಾ?"

"ಮೊದ್ಲು ಬಿಡಿ ಪಾಸ್ಟ್ರೇ, ಕೈ ಸುಡ್ತೈತೆ!"

ಬಿಟ್ಟರು. ಕಾಲುಭಾಗ ಸಾರು ಅವರ ಬಿಳಿ ಅಂಗಿಯ ಮೇಲೆ ಇಳಿಯಿತು, ಉಳಿದದ್ದು ನಮ್ಮ ಮನೆ ಸೇರಿತು. ನಾನು ಸೆರಗಿನಿಂದ ಬೆವರೊರೆಸಿಕೊಂಡು, ಬೆಳಗಿನಿಂದ ಒಲೆ ಮುಂದೆಯೇ ಇದ್ದವಳ ಹಾಗೆ ಎರಡು ತಟ್ಟೆ ತಂದು ಇಟ್ಟೆ. ಬೀದಿಯ ಅರ್ಧ ಜನ ನಮ್ಮ ಕಿಟಕಿಯಲ್ಲಿದ್ದರು.

ಸ್ತೋತ್ರಮ್ಮನ ಊಟದ ಪ್ರಾರ್ಥನೆಯೆಂದರೆ ಉದ್ದ. ಊರು ಕೇರಿ ಬಂಧು ಬಳಗವನ್ನೆಲ್ಲ ಸುತ್ತಿ ಬರುತ್ತಿತ್ತು. ಅವತ್ತು ಮಾತ್ರ ಕೈಜೋಡಿಸಿ, "ತಂದೇ, ಈ ಮನೆ ಒಲೆ ಆರದಂಗೆ ನೋಡ್ಕೋ" ಎಂದಷ್ಟೇ ಹೇಳಿ ಮುದ್ದೆಗೆ ಬೆರಳಿಟ್ಟರು. ಮಾವನೂ ಮುರಿದರು. ಸಾರಿನಲ್ಲಿ ಅದ್ದಿದರು. ಆ ತುತ್ತು ಅವರ ಗಂಟಲಲ್ಲಿ ಇಳಿಯುವುದನ್ನು ನಾನು ಬಾಗಿಲಿಗೆ ಒರಗಿ ನೋಡುತ್ತಿದ್ದೆ. ಇನ್ನೊಂದು ತುತ್ತು ಇಳಿಯಿತು. ನನಗೆ ಕುಣಿಯಬೇಕು ಅನ್ನಿಸಿತು.

ಜೀವ ಬಂದ ಸ್ತೋತ್ರಮ್ಮನಿಗೆ ತುಂಟತನವೂ ಬಂತು. "ಏನ್ ಕೈರುಚಿ ಅಣ್ಣಾ ನಿಮ್ ಸೊಸೇದು! ಇಂಥಾ ಸಾರು ನಾನು ಜನ್ಮದಲ್ಲಿ ಉಂಡಿಲ್ಲ" ಎಂದು ತಮ್ಮ ಸಾರನ್ನು ತಾವೇ ಹೊಗಳಿಕೊಂಡರು. ಕಿಟಕಿಯಲ್ಲಿ ಯಾರೋ ಖಿಲ್ಲೆಂದರು. ನಾನು ತುಟಿ ಕಚ್ಚಿಕೊಂಡೆ.

ಮಾವ ಬೆರಳು ನೆಕ್ಕಿದರು. "ಎಲ್ಲಿಯ ರುಚಿ? ಉಪ್ಪು ಜಾಸ್ತಿ ಆಗೈತೆ. ಖಾರಕ್ಕೆ ಹದ ಇಲ್ಲ. ಅವರೆಬೇಳೆ ಇನ್ನೂ ಒಂದ್ ಕುದಿ ಬೇಯ್ಬೇಕಿತ್ತು."

ಸ್ತೋತ್ರಮ್ಮನ ಮುಖ ಕೆಂಪೇರಿತು. "ಉಪ್ಪು ಸರಿಯಾಗೇ ಐತಲ್ಲಣ್ಣಾ!"

"ನೀನು ಬಂದೋಳು, ಮರ್ಯಾದೆಗೆ ಹಂಗಂತೀಯ. ಹದ ಗೊತ್ತಿಲ್ದೋರು ಮಾಡಿರೋ ಸಾರು ಇದು."

"ಹದ ಗೊತ್ತಿಲ್ದೋರಾ!" ಎಂದ ಸ್ತೋತ್ರಮ್ಮ ಮುಂದಿನ ಮಾತನ್ನು ಕಷ್ಟಪಟ್ಟು ನುಂಗಿದರು. ತಮ್ಮ ಸಾರನ್ನು ತಾವೇ ಕಾಪಾಡಿಕೊಳ್ಳಲಾಗದೆ ಅವರು ಒದ್ದಾಡುವುದನ್ನು ನೋಡಲಾಗದೆ ಕಿಟಕಿಯಲ್ಲಿದ್ದವರು ಒಬ್ಬೊಬ್ಬರಾಗಿ ಕೆಳಗೆ ಕುಸಿದು ಕೂತು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಆಗ ಮಾವ ತಲೆಯೆತ್ತಿದರು. ಈ ವರ್ಷ ನಮ್ಮ ಮನೆಗೆ ಒಂದು ಅವರೆಕಾಯಿಯೂ ಬಂದಿಲ್ಲವೆಂದು ನನ್ನಷ್ಟೇ ಚೆನ್ನಾಗಿ ಅವರಿಗೂ ಗೊತ್ತಿದೆ ಎನ್ನುವುದು ನನಗೆ ಆಗ ಹೊಳೆಯಿತು. ಅವರು ನನ್ನನ್ನು ನೋಡಲಿಲ್ಲ, ನೇರವಾಗಿ ಸ್ತೋತ್ರಮ್ಮನನ್ನೇ ನೋಡಿದರು.

"ಹಿಂಗೇ ಬಿಟ್ರೆ ಬೀದಿ ಜನಕ್ಕೆಲ್ಲ ಬಿ.ಪಿ. ಬರ್ತದೆ ಕಣಮ್ಮಾ. ನಾಳೆಯಿಂದ ನಾನೇ ನಿನ್ನ ಚರ್ಚಿನ ಒಲೆ ಹತ್ರ ಬಂದು ಉಪ್ಪು ನೋಡ್ತೀನಿ."

ಸ್ತೋತ್ರಮ್ಮ ಇನ್ನೊಂದು ತುತ್ತು ಮುರಿದು ಸಾರಿಗೆ ಅದ್ದಿದರು. ಮಾವ ತಟ್ಟೆಯನ್ನು ನನ್ನ ಕಡೆಗೆ ತಳ್ಳಿ, ಇನ್ನೊಂದು ಮುದ್ದೆ ಹಾಕು ಎಂದರು.